ಹಾರ್ಪಿ ಹದ್ದು ಮತ್ತು ನನ್ನ ಸುಳ್ಳು ಉಪವಾಸ

ಅಮೆರಿಕದ ಮಿಲ್ಪಿಟಾಸ್‌ನ ಮನೆ ಬಿಟ್ಟಾಗ ನನ್ನ ಚೀಲದಲ್ಲಿ ಅವಲಕ್ಕಿ, ಚಟ್ನಿಪುಡಿ, ನಿಪ್ಪಟ್ಟು ತುಂಬಿದ್ದವು. ಮಗಳು ನಿಧಿಯ ಚೀಲದಲ್ಲಿ ದುರ್ಬೀನು, ಎರಡು ಜೊತೆ ಬಟ್ಟೆ. ಹದಿನೈದರ ಹುಡುಗಿ, ಶನಿವಾರ ಬಂತೆಂದರೆ ಕೊಲ್ಲಿಯ ಅಂಚಿನ ಜೌಗಿನಲ್ಲಿ ಹಕ್ಕಿ ನೋಡುತ್ತಾ ನಿಲ್ಲುವವಳು. ಈಕ್ವೆಡಾರಿನ ಮಳೆಕಾಡಿನಲ್ಲಿ ಅಲ್ಲಿನ ಮೂಲನಿವಾಸಿಗಳಾದ ಕಿಚ್ವಾ ಜನರೇ ನಡೆಸುವ ತಂಗುಮನೆಯೊಂದರ ಹತ್ತಿರ ಹಾರ್ಪಿ ಹದ್ದು ಗೂಡು ಕಟ್ಟಿದೆ ಎಂದು ಓದಿದಾಗಿನಿಂದ ಅವಳ ಬಾಯಲ್ಲಿ ಬೇರೆ ಮಾತೇ ಇರಲಿಲ್ಲ. ಮಂಗವನ್ನೇ ಎತ್ತಿಕೊಂಡು ಹೋಗುವ ಹದ್ದಂತೆ. ಗಂಡನಿಗೆ ಆಫೀಸಿನಲ್ಲಿ ಸಾಫ್ಟ್‌ವೇರ್ ರಿಲೀಸು ಇತ್ತು, ನಾವಿಬ್ಬರೇ ಹೊರಟೆವು.

ಸ್ಯಾನ್ ಫ್ರಾನ್ಸಿಸ್ಕೊದಿಂದ ಪನಾಮಾ, ಅಲ್ಲಿಂದ ಈಕ್ವೆಡಾರಿನ ರಾಜಧಾನಿ ಕೀಟೊ. ಅಲ್ಲೂ ಡಾಲರೇ ನಡೆಯುತ್ತದೆಂದು ತಿಳಿದು ನನಗೆ ಸುಮ್ಮನೆ ಖುಷಿಯಾಯಿತು. ಮೋಡದೊಳಗಿನ ಬೆಟ್ಟಗಳನ್ನು ಇಳಿದು ಬಸ್ಸು ಕೋಕಾ ಎಂಬ ಊರು ಮುಟ್ಟುವಷ್ಟರಲ್ಲಿ ಸ್ವೆಟರು ಬಿಚ್ಚಿ ಬೀಸಣಿಗೆ ಹುಡುಕುವಂತಾಯಿತು. ಮುಂದೆ ನಾಪೊ ನದಿಯಲ್ಲಿ ಅರ್ಧ ದಿನ ಮೋಟಾರು ದೋಣಿ. ಮಧ್ಯೆ ಮಳೆ ಹಿಡಿದು ನೀರು ಯಾವುದು ಆಕಾಶ ಯಾವುದು ತಿಳಿಯಲಿಲ್ಲ.

ದಡದಲ್ಲಿ ಎಲ್ವೀರಾ ಕಾಯುತ್ತಿದ್ದಳು. ಹೆಚ್ಚುಕಡಿಮೆ ನನ್ನದೇ ವಯಸ್ಸು. ತಂಗುಮನೆಯ ಅಡುಗೆಯೂ ಅವಳದೇ, ಕಾಡು ತೋರಿಸುವುದೂ ಅವಳೇ. ದೋಣಿ ನಡೆಸುವವನು ಅವಳ ಗಂಡ ಕಮಿಲೊ. ಕಂಡದ್ದೆಲ್ಲದರ ಬಗ್ಗೆ ಕೇಳುವುದು ನನ್ನ ರೋಗ. ನಿಧಿ ಸ್ಕೂಲಿನಲ್ಲಿ ಕಲಿತ ಸ್ಪ್ಯಾನಿಷಿನಲ್ಲಿ ಅದನ್ನೆಲ್ಲ ದಾಟಿಸಬೇಕಾಯಿತು. ಊರಿನ ಮನೆಗಳೆಲ್ಲ ಸಭೆ ಸೇರಿ ಈ ಭಾಗದಲ್ಲಿ ಬೇಟೆ ಬಿಟ್ಟಿವೆ ಎಂದಳು ಎಲ್ವೀರಾ. ಗೂಡಿಗೆ ತೊಂದರೆಯಾಗದಂತೆ ಬಂದವರನ್ನು ಸರದಿಯ ಮೇಲೆ ಕರೆದೊಯ್ಯುತ್ತಾರೆ. ನಮ್ಮ ಸರದಿ ಮರುದಿನ ಬೆಳಿಗ್ಗೆ, ಅದೊಂದೇ. ಮಕ್ಕಳು ತಾಯಿಯೋ ತಂದೆಯೋ ಜೊತೆಗಿಲ್ಲದೆ ಹೋಗುವಂತಿಲ್ಲ.

ಆಮೇಲೆ ಸೋರೆಬುರುಡೆಯ ಬಟ್ಟಲಲ್ಲಿ ಬೆಳ್ಳಗಿನ ಪಾನೀಯ ಬಂತು. ಹೆಸರು ಚಿಚಾ. ನಿಧಿ ಗಟಗಟ ಕುಡಿದಳು. ನಾನು ಬಟ್ಟಲು ಹಿಡಿದು, ಇದನ್ನು ಹೇಗೆ ಮಾಡುತ್ತೀರಿ ಎಂದು ಕೇಳಿದೆ. ಕೇಳಬಾರದಿತ್ತು. ಮರಗೆಣಸನ್ನು ಬೇಯಿಸಿ, ಹೆಂಗಸರು ಬಾಯಲ್ಲಿ ಚೆನ್ನಾಗಿ ಅಗಿದು, ಉಗುಳಿ, ಹುಳಿ ಬರಲು ಇಡುತ್ತಾರಂತೆ.

ಎಂಜಲು! ಅಮೆರಿಕದಲ್ಲಿ ಇಷ್ಟು ವರ್ಷ ಯಾರು ಏನು ಕೊಟ್ಟರೂ ತಪ್ಪಿಸಿಕೊಳ್ಳಲು ಬಳಸಿದ ಮಾತನ್ನೇ ಹೇಳಿದೆ: ನಾವು ವೆಜಿಟೇರಿಯನ್. ಎಲ್ವೀರಾ ನಕ್ಕು, ಇದು ಬರೀ ಗೆಣಸಲ್ಲವೇ ಎಂದಳು. ಆಗ ಎರಡನೆಯ ಅಸ್ತ್ರ ಬಿಟ್ಟೆ. ಇವತ್ತು ಉಪವಾಸ, ದೇವರದ್ದು.

“ಅಮ್ಮಾ, ಯು ನೆವರ್ ಫಾಸ್ಟ್,” ಎಂದಳು ನಿಧಿ.

“ಸುಮ್ನೆ ಹೇಳೇ,” ಎಂದೆ. ಹೇಳಿದಳು.

ಎಲ್ವೀರಾಳ ಮುಖ ಗಂಭೀರವಾಯಿತು. ಬಟ್ಟಲನ್ನು ಒಳಗಿಟ್ಟು, ನೆರಳಿನಲ್ಲಿ ಹಗ್ಗದ ತೂಗುಹಾಸಿಗೆ ಕಟ್ಟಿ ನನ್ನನ್ನು ಮಲಗಿಸಿದಳು. ಸಂಜೆ ಉಪ್ಪಿಲ್ಲದ ಬೇಯಿಸಿದ ಬಾಳೆಕಾಯಿ ಕೊಟ್ಟಳು. ಚಟ್ನಿಪುಡಿ ತೆಗೆದರೆ ಕೈ ಅಡ್ಡ ಹಿಡಿದಳು. ಎಷ್ಟು ಮರ್ಯಾದೆಯ ಜನ ಎಂದುಕೊಂಡು ಹಾಯಾಗಿ ತೂಗಾಡಿದೆ.

ಬೆಳಿಗ್ಗೆ ಕಾಡಿನ ಕೆಸರಿನಲ್ಲಿ ನಡೆಯಲು ತಂಗುಮನೆಯವರು ಕೊಡುವ ರಬ್ಬರ್ ಬೂಟುಗಳೇ ನಮಗೆ ಬರಲಿಲ್ಲ. ಅವರಲ್ಲಿ ಉಪವಾಸವೆಂದರೆ ಗಿಡಮೂಲಿಕೆ ಸೇವಿಸಿ ಬಲ ಪಡೆಯಲು ಹಿಡಿಯುವ ವ್ರತ. ಆಗ ಉಪ್ಪು ಖಾರ ಮುಟ್ಟಬಾರದು, ಬಿಸಿಲು ಮಳೆಗೆ ಹೋಗಬಾರದು. ಅಂಥವಳನ್ನು ಕಾಡಿಗೆ ಕರೆದೊಯ್ದು ಕೇಡಾದರೆ ಹೊಣೆ ನನ್ನದು ಎಂದಳು ಎಲ್ವೀರಾ. ನಾನಿಲ್ಲ ಎಂದರೆ ನಿಧಿಯೂ ಇಲ್ಲ. ದುರ್ಬೀನು ಕೊರಳಿಗೆ ಹಾಕಿಕೊಂಡು ನಿಂತಿದ್ದ ಹುಡುಗಿ ನನ್ನ ಕಡೆ ನೋಡಲೂ ಇಲ್ಲ.

ಉಪವಾಸ ನಿನ್ನೆಗೇ ಮುಗಿಯಿತು ಎಂದೆ. ಒಳ್ಳೆಯದಾಯಿತು ಎಂದು ಎಲ್ವೀರಾ ಚಿಚಾದ ಬಟ್ಟಲನ್ನೇ ತಂದಳು. ಕಾಡಿಗೆ ಹೊರಡುವವರು ಅದನ್ನು ಕುಡಿದೇ ಹೊರಡುವುದು.

ನಾನು ಇನ್ನೊಂದು ನೆಪ ತೆಗೆದೆ. ನಿಧಿ ಈ ಸಲ ಭಾಷಾಂತರಕ್ಕೆ ಒಪ್ಪಲಿಲ್ಲ. “ಟೆಲ್ ಹರ್ ದ ಟ್ರೂಥ್, ಅಮ್ಮಾ. ಆಗ ಹೇಳ್ತೀನಿ.”

ಹೇಳಿದೆ. ಒಬ್ಬರ ಬಾಯಿಂದ ಬಂದದ್ದನ್ನು ಇನ್ನೊಬ್ಬರು ತಿನ್ನುವುದು ನಮ್ಮಲ್ಲಿಲ್ಲ, ಅದಕ್ಕೇ ಸುಳ್ಳು ಹೇಳಿದೆ ಎಂದೆ. ನಾಚಿಕೆಯಿಂದ ಕುಗ್ಗಿಹೋಗಿದ್ದೆ. ಎಲ್ವೀರಾ ನಿಧಿಯ ಮೂಲಕ ಹೇಳಿದಳು: “ಇದು ನಾನು ಅಗಿದದ್ದು. ನನ್ನ ಮಕ್ಕಳು ಇದನ್ನು ಕುಡಿದೇ ಬೆಳೆದರು. ಇದನ್ನು ಬೇಡವೆಂದರೆ ನನ್ನನ್ನೇ ಬೇಡವೆಂದ ಹಾಗೆ. ನಿನ್ನನ್ನು ಕಾಡಿಗೆ ಹೇಗೆ ಕರೆದೊಯ್ಯಲಿ?”

ನಿಧಿ ಅವಳ ಕೈಯಿಂದ ಬಟ್ಟಲು ತೆಗೆದುಕೊಂಡು ಅರ್ಧ ಕುಡಿದು ನನ್ನ ಮುಂದೆ ಹಿಡಿದಳು.

“ಈಗ ಇದು ನನ್ನ ಎಂಜಲು. ಯು ಈಟ್ ದಟ್ ಎವ್ರಿ ಡೇ.”

ನಿಜ. ಅವಳು ತಟ್ಟೆಯಲ್ಲಿ ಬಿಟ್ಟ ಮೊಸರನ್ನವನ್ನು ದಿನವೂ ಸಿಂಕಿನ ಮುಂದೆ ನಿಂತೇ ಮುಗಿಸುವವಳು ನಾನು. ಅದನ್ನು ಎಂಜಲೆಂದು ಒಮ್ಮೆಯೂ ಅಂದುಕೊಂಡಿರಲಿಲ್ಲ. ಕಣ್ಣು ಮುಚ್ಚಿ ಕುಡಿದೆ. ಹುಳಿ ಮಜ್ಜಿಗೆ ಬೆರೆಸಿದ ಗಂಜಿಯ ಹಾಗಿತ್ತು. ಎಲ್ವೀರಾ ಬೂಟುಗಳನ್ನು ತಂದಿಟ್ಟಳು.

ಕೆಸರಿನಲ್ಲಿ ಎರಡು ಗಂಟೆ ನಡೆದೆವು. ಬೂರುಗದಂಥ ದೈತ್ಯ ಮರದ ಕವಲಿನಲ್ಲಿ ಕಟ್ಟಿಗೆಯ ರಾಶಿಯೊಂದಿತ್ತು, ಅದೇ ಗೂಡು. ಬಹಳ ಹೊತ್ತು ಕಾದ ಮೇಲೆ ಮರಿಯ ಬಿಳಿ ತಲೆ ಎದ್ದಿತು. ಆಮೇಲೆ ಸದ್ದೇ ಇಲ್ಲದೆ ತಾಯಿ ಹದ್ದು ಬಂದು ಕೂತಿತು. ಎಲ್ವೀರಾ ನಿಧಿಯ ಹಿಂದೆ ನಿಂತು ದುರ್ಬೀನನ್ನು ಅಲುಗದಂತೆ ಹಿಡಿದಳು. ಹುಡುಗಿ ಅಳುತ್ತಿದ್ದಳು. ನಾನು ಹದ್ದಿಗಿಂತ ಹೆಚ್ಚು ಹೊತ್ತು ಅವಳನ್ನೇ ನೋಡಿದೆ.

ಮರುದಿನ ಬೆಳಿಗ್ಗೆ ಹೊರಟೆವು. ಕಮಿಲೊ ಮೋಟಾರು ಶುರು ಮಾಡಿದ್ದ. ಎಲ್ವೀರಾ ತುಂಬಿದ ಬಟ್ಟಲಿನೊಡನೆ ದಡಕ್ಕೆ ಇಳಿದು ಬಂದಳು. ನನ್ನ ಕಷ್ಟ ತಪ್ಪಿಸಲು ಮೊದಲು ತಾನು ಕುಡಿದು ಕೊಡೋಣವೆಂದು ನಿಧಿ ಕೈ ಚಾಚಿದಳು. ಅಷ್ಟರಲ್ಲಿ ಬಟ್ಟಲು ನನ್ನ ಕೈಗೆ ಬಂದಿತ್ತು.

“ಅಮ್ಮಾ, ದಟ್ಸ್ ಹರ್ಸ್,” ಎಂದಳು.

“ಗೊತ್ತು ಕಣೇ,” ಎಂದು ತಳ ಕಾಣುವವರೆಗೆ ಕುಡಿದೆ.

ಎಲ್ವೀರಾ ಬಟ್ಟಲು ತೆಗೆದುಕೊಂಡು, ಮತ್ತೆ ತುಂಬಿಸಿ ತರಲು ಮೇಲೆ ಹೊರಟಳು. ಕಮಿಲೊ ಮೋಟಾರು ನಿಲ್ಲಿಸಿದ.