ಒಂದು ಗೇಣು ಕಡಿಮೆಯಾದ ಗೂಡು

ನನಗೆ ಮೊದಲು ಅನುಮಾನ ಬಂದದ್ದು ಕೇಬಲ್ ಟೈ ನೋಡಿ.

ನನ್ನ ಗಂಡನಿಗೆ ದುಬೈಯ ಒಂದು ಇಂಟೀರಿಯರ್ ಕಂಪೆನಿಯಲ್ಲಿ ಅಳತೆ ತೆಗೆಯುವ ಕೆಲಸ. ಯಾರದೋ ಮನೆಯ ಕಪಾಟು ಒಂದು ನೂಲಿನಷ್ಟು ವಾರೆಯಾದರೂ ಇವರಿಗೆ ಅನ್ನ ಇಳಿಯುವುದಿಲ್ಲ. ಅಂಥವರು ಮಗಳ ಎರಡು ಗಿನಿಪಿಗ್‌ಗಳಿಗೆ ಮೂರು ಮಾಳಿಗೆಯ ಗೂಡು ಕಟ್ಟಲು ಕೂತರು, ಆದರೆ ಒಂದೇ ಒಂದು ಮೊಳೆ ಹೊಡೆಯಲಿಲ್ಲ. ತಂತಿ ಜಾಲರಿಯ ಚೌಕಗಳನ್ನು ಕೇಬಲ್ ಟೈ ಎಂಬ ಪ್ಲಾಸ್ಟಿಕ್ ಪಟ್ಟಿ ಹಾಕಿ ಬಿಗಿದರು. ಒಂದೊಂದು ಮಾಳಿಗೆಗೂ ಪ್ಲಾಸ್ಟಿಕ್ ಶೀಟನ್ನು ಹಾಗೇ ಹಾಸಿದರು. ಕತ್ತರಿ ಹಿಡಿದರೆ ಹತ್ತು ನಿಮಿಷದಲ್ಲಿ ಇಡೀ ಗೂಡು ಬಿಚ್ಚಿ ಕೈಗೆ ಬರುವಂತಿತ್ತು.

"ಗಟ್ಟಿ ಮಾಡುದಿಲ್ವಾ?" ಎಂದೆ.

"ತೊಳೀಲಿಕ್ಕೆ ಸುಲಭ ಆಗ್ತದೆ ಮಾರಾಯ್ತಿ" ಎಂದರು, ನನ್ನ ಮುಖ ನೋಡದೆ.

ಆ ಪ್ರಾಣಿಗಳು ಬಂದದ್ದು ಮಗಳ ಕ್ಲಾಸಿನ ಹುಡುಗಿಯ ಮನೆಯಿಂದ. ಅವರ ಸಂಸಾರ ಊರಿಗೆ ಹೊರಟಿತ್ತು. ಇಲ್ಲಿ ರೂಢಿಯೇ ಅದು, ಹೊರಟವರ ಸಾಮಾನು ಉಳಿದವರ ಮನೆಗೆ. ಕರಾಮದ ನಮ್ಮ ಫ್ಲ್ಯಾಟಿನ ಸೋಫಾ, ಗ್ರೈಂಡರ್, ಇಸ್ತ್ರಿ ಮೇಜು ಯಾವುದೂ ಅಂಗಡಿಯಿಂದ ಬಂದದ್ದಲ್ಲ. ಹದಿಮೂರು ವರ್ಷಗಳಿಂದ ನಾವು ಉಳಿದವರೇ ಆಗಿದ್ದೆವು. ಅದರ ಬಗ್ಗೆ ನನಗೆ ಒಳಗೊಳಗೆ ಸ್ವಲ್ಪ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ.

ಎರಡನೆಯ ಅನುಮಾನ ಹೊತ್ತಿನದು. ಏಳು ಗಂಟೆಗೆ ಮೊದಲು ಮನೆಗೆ ಮುಖ ತೋರಿಸದವರು ವಾರದ ನಡುವೆಯೂ ನಾಲ್ಕಕ್ಕೆ ಹಾಜರ್! ಫೋನು ಬಂದರೆ ಕಾರಿಡಾರಿಗೆ ಹೋಗಿ ಮಾತಾಡುತ್ತಿದ್ದರು. ನಾನು ಬಾಗಿಲು ತೆರೆದ ಕೂಡಲೇ "ಯಲ್ಲಾ, ಸರಿ, ಆಮೇಲೆ ಮಾಡ್ತೇನೆ" ಎಂದು ಇಟ್ಟುಬಿಡುತ್ತಿದ್ದರು. ಥೂ, ಈ ವಯಸ್ಸಿನಲ್ಲಿ ಯಾವಳಾದರೂ ಗಂಟುಬಿದ್ದಳಾ ಎಂದು ಅಂಗಿ ಮೂಸಿಯೂ ನೋಡಿದೆ. ಗಿನಿಪಿಗ್ ತಿನ್ನುವ ಒಣಹುಲ್ಲಿನ ವಾಸನೆ. ನಾಚಿಕೆಯಾಯಿತು, ಆದರೆ ಅನುಮಾನ ಹೋಗಲಿಲ್ಲ.

ಗೂಡಿನ ಕೆಲಸ ಮಾತ್ರ ಶ್ರದ್ಧೆಯಿಂದ ನಡೆಯಿತು. ಗಿನಿಪಿಗ್ ಬೆಕ್ಕಿನ ಹಾಗೆ ಹತ್ತುವ ಪ್ರಾಣಿಯಲ್ಲ. ಕೆಳಗಿನಿಂದ ಮೇಲಿನ ಮಾಳಿಗೆಗೆ ಮೊದಲು ಇಟ್ಟ ಹಲಗೆ ಕಡಿದಾಗಿತ್ತು. ಎರಡೂ ಅದರ ಬುಡದಲ್ಲಿ ನಿಂತು ಕುಯ್ ಕುಯ್ ಎಂದು ಗೋಳಾಡಿದವು.

"ಅಪ್ಪಾ, ದೇ ಆರ್ ಸ್ಕೇರ್ಡ್" ಎಂದಳು ಮಗಳು.

ಇವರು ಹಲಗೆ ಬಿಚ್ಚಿದರು, ಉದ್ದ ಮಾಡಿದರು, ಮತ್ತೆ ಬಿಚ್ಚಿದರು. ಇವರಿಗೆ ಬಲ ಮೊಣಕಾಲಿನ ನೋವು ಹಳೆಯದು. ಆ ಕಾಲನ್ನೇ ನೆಲಕ್ಕೂರಿ ಮೂರು ಸಂಜೆ ಒದ್ದಾಡಿ, ಕೊನೆಗೆ ಕಾಲೊರೆಸುವ ಹಳೆಯ ಮ್ಯಾಟನ್ನು ಕತ್ತರಿಸಿ ಇಳಿಜಾರಿಗೆ ಅಂಟಿಸಿದರು.

"ಪಾಪ, ಕಾಲು ಇಷ್ಟೇ ಇಷ್ಟು. ಏಣಿ ಹತ್ತು ಅಂದ್ರೆ ಹತ್ಲಿಕ್ಕೆ ಆಗ್ತದಾ?" ಎಂದು ನನಗೇ ಬುದ್ಧಿ ಹೇಳಿದರು. ಆ ದಿನ ಎರಡೂ ಮೂರನೆಯ ಮಾಳಿಗೆಗೆ ಹೋಗಿ ಕೊತ್ತಂಬರಿ ಸೊಪ್ಪು ತಿಂದವು.

ಮುಗಿದ ಗೂಡನ್ನು ಸೋಫಾಕ್ಕೂ ಅಡುಗೆಮನೆಯ ಗೋಡೆಗೂ ನಡುವೆ ಇಟ್ಟರು. ಪಕ್ಕದಲ್ಲಿ ಒಂದು ಗೇಣು ಖಾಲಿ! ಮಗಳ ಪೆನ್ಸಿಲು, ನನ್ನ ಹೇರ್‌ಪಿನ್ ಎಲ್ಲ ಆ ಸಂದಿಗೇ ಬೀಳುತ್ತಿತ್ತು.

"ಇದೆಂತ ಅಳತೆ ತೆಗ್ದದ್ದು ನೀವು?"

"ಗಾಳಿ ಆಡ್ಲಿ ಅಂತ ಬಿಟ್ಟದ್ದು."

ಗಾಳಿಯಂತೆ, ಗಾಳಿ! ಸುತ್ತಲೂ ಜಾಲರಿ ಇರುವ ಗೂಡಿಗೆ. ಇವರು ಆಫೀಸಿಗೆ ಹೋದ ಮೇಲೆ ಕೈಯಲ್ಲೇ ಅಳೆದೆ. ಜಾಗ ಏಳು ಗೇಣು, ಗೂಡು ಸರಿಯಾಗಿ ಆರು. ಒಂದು ನೂಲು ತಪ್ಪದವರು ಒಂದು ಗೇಣು ತಪ್ಪಿದ್ದಾರೆಂದರೆ ಯಾರು ನಂಬುತ್ತಾರೆ?

ಆ ಶನಿವಾರ ಮಧ್ಯಾಹ್ನ ಇವರೇ ಹಟ ಹಿಡಿದು ನಮ್ಮನ್ನು ಅಲ್ ಬರ್ಷಾದಲ್ಲಿರುವ ತಮ್ಮ ಗೆಳೆಯನ ಮನೆಗೆ ಕರೆದೊಯ್ದರು. ಗೆಳೆಯನ ಹೆಂಡತಿ ಚಾ, ಗೋಳಿಬಜೆ ತಂದಿಟ್ಟಳು. ನನ್ನ ಕಣ್ಣು ಮಾತ್ರ ಅವರ ಹಾಲ್‌ನ ಒಂದು ಮೂಲೆಯ ಮೇಲಿತ್ತು. ಕಿಟಕಿಗೂ ಚಪ್ಪಲಿ ಸ್ಟ್ಯಾಂಡಿಗೂ ನಡುವೆ ಏನನ್ನೋ ಆಗತಾನೇ ತೆಗೆದು ಖಾಲಿ ಮಾಡಿದ್ದರು. ಗೋಡೆಯ ಮೇಲೆ ಅದರ ಗುರುತು ಇನ್ನೂ ಇತ್ತು.

ಗಂಡಸರು ಒಳಗೆ ಹೋದದ್ದೇ, ದುಪಟ್ಟಾ ಬೀಳಿಸಿಕೊಂಡವಳ ಹಾಗೆ ಬಗ್ಗಿ ಗೋಡೆಯ ಬುಡಕ್ಕೆ ಕೈಯಿಟ್ಟೆ. ಒಂದು, ಎರಡು, ಮೂರು... ಆರು. ಹೆಚ್ಚಿಲ್ಲ, ಕಡಿಮೆಯಿಲ್ಲ.

ಗೆಳೆಯನ ಹೆಂಡತಿ ಚಾದ ತಟ್ಟೆ ಹಿಡಿದು ನನ್ನನ್ನೇ ನೋಡುತ್ತಿದ್ದಳು.

"ಅಕ್ಕಾ, ಅವ್ರು ನಿಮ್ಗೆ ಇನ್ನೂ ಹೇಳ್ಲಿಲ್ವಾ?"

ಮೆಟ್ರೋದಲ್ಲಿ ವಾಪಸು ಬರುವಾಗ ಮಗಳು ನಮ್ಮಿಬ್ಬರ ನಡುವೆ ಕೂತಿದ್ದಳು. ಮನೆಗೆ ಬಂದು ಮಗಳು ಕೊತ್ತಂಬರಿ ಸೊಪ್ಪು ತರಲು ಕೆಳಗಿನ ಅಂಗಡಿಗೆ ಹೋದಳು. ಇವರು ಗೂಡಿನ ಮುಂದೆ ಕೂತಿದ್ದರು.

"ಎಷ್ಟು ದಿನ ಆಯ್ತು?" ಎಂದೆ.

"ಒಂದು ತಿಂಗಳು" ಎಂದರು. ಎಂತದ್ದು ಎಂದು ಕೇಳಲೂ ಇಲ್ಲ. "ಕಂಪೆನಿ ಖಲಾಸ್. ಬೇರೆ ಕೆಲಸ ಸಿಕ್ಕಿದೆ, ಆದ್ರೆ ಆ ಸಂಬಳದಲ್ಲಿ ಫ್ಯಾಮಿಲಿ ಇಡ್ಲಿಕ್ಕೆ ಆಗುದಿಲ್ಲ. ಮಾರ್ಚಲ್ಲಿ ಅವಳ ಪರೀಕ್ಷೆ ಮುಗೀತದೆ. ಆಮೇಲೆ ಹೇಳುವ ಅಂತ ಇದ್ದೆ."

ಸಿಟ್ಟು ನೆತ್ತಿಗೇರಿತು. ಹೊರಟವರು ಈಗ ನಾವು.

"ಅಲ್ಲ ಮಾರಾಯ್ರೆ, ಈ ಎರಡು ಪ್ರಾಣಿಗಳಿಗೆ ಹೋಗುವ ಮನೆ ಹುಡುಕಿ, ಆ ಮನೆಯ ಅಳತೆ ತೆಗ್ದು, ಗೂಡು ಕಟ್ಟಿ ಮುಗಿಸಿದ್ರಿ. ಹೆಂಡ್ತಿಗೆ ಒಂದು ಮಾತು ಹೇಳ್ಲಿಕ್ಕೆ ಬಾಯಿ ಬರ್ಲಿಲ್ವಾ ನಿಮ್ಗೆ?"

"ನಿಮ್ಗಿಬ್ರಿಗೂ ಮನೆ ನೋಡಿದ್ದೇನೆ. ಮಂಗಳೂರಲ್ಲಿ, ಶಾಲೆಯ ಹತ್ರವೇ. ಬಾಲ್ಕನಿ ಉಂಟು."

"ಮತ್ತೆ ನಿಮ್ಗೆ?"

ಇವರು ಸರಿಯಾಗಿಯೇ ಇದ್ದ ಹಲಗೆಯನ್ನು ಇನ್ನೊಮ್ಮೆ ಸರಿ ಮಾಡಿದರು.

"ಹಿಂದಿನ ಗಲ್ಲಿಯಲ್ಲೇ ಒಂದು ಬೆಡ್ ಸ್ಪೇಸ್. ರೂಮಲ್ಲಿ ಆರು ಜನ. ಎಲ್ಲ ನಮ್ಮ ಊರಿನ ಕಡೆಯವ್ರೇ."

ಒಂದರ ಮೇಲೊಂದು ಮಂಚ ಇರುವ ಅಂಥ ಕೋಣೆಗಳನ್ನು ನಾನು ನೋಡಿದ್ದೇನೆ. ಕೇಳಬಾರದಿತ್ತು, ಕೇಳಿಬಿಟ್ಟೆ.

"ಕೆಳಗಿನ ಮಂಚವಾ, ಮೇಲಿನದ್ದಾ?"

ಇವರು ಬಲ ಮೊಣಕಾಲನ್ನು ಮೆಲ್ಲ ಉಜ್ಜಿಕೊಂಡರು.

"ಕೆಳಗಿನದ್ದು ಖಾಲಿ ಇಲ್ಲ ಮಾರಾಯ್ತಿ" ಎಂದರು. "ಮೇಲಿನದ್ದಕ್ಕೆ ಏಣಿ ಉಂಟಲ್ಲ."