ಹಾಲಿನ ಬಣ್ಣ, ಕೆನೆಯ ಬಣ್ಣ

ಕರಾಕೋಲ್‌ನ ನಮ್ಮ ಬೀದಿಯಲ್ಲಿ ಬುರುಲ್ ಎಜೆ ಬಣ್ಣ ಬಳಿಯದ ಮನೆಯಿಲ್ಲ. ಹತ್ತೊಂಬತ್ತನೇ ವಯಸ್ಸಿಗೆ ಕಟ್ಟಡ ಕೆಲಸದ ಹೆಂಗಸರ ತಂಡ ಸೇರಿ ಬ್ರಶ್ ಹಿಡಿದವಳು, ಅರುವತ್ತು ದಾಟಿದರೂ ಕೆಳಗಿಟ್ಟಿರಲಿಲ್ಲ. ಬಾಗಿಲಲ್ಲಿ ನಿಂತು ಕಿಟಕಿ ಯಾವ ದಿಕ್ಕಿಗಿದೆ ಎಂದು ನೋಡಿಯೇ, "ಇಲ್ಲಿಗೆ ತಣ್ಣನೆ ಬಿಳಿ ಬಳಿದ್ರೆ ಚಳಿಗಾಲ ಪೂರ್ತಿ ಮೂಗು ಸೋರತ್ತೆ" ಅನ್ನುತ್ತಿದ್ದಳು. ಎಜೆ ಅಂದರೆ ಅಕ್ಕ; ಕಿರಿಯರೆಲ್ಲ ಅಕ್ಕನ ಮಾತೆಂದು ಒಪ್ಪಿಕೊಳ್ಳುತ್ತಿದ್ದರು.

ಸೆಪ್ಟೆಂಬರಿನಲ್ಲಿ ಶಾಲೆಯ ಟೀಚರ್ ಜಿಪಾರ್ ಅವಳನ್ನು ತನ್ನ ಮನೆಗೆ ಕರೆಸಿದಳು. ದೊಡ್ಡ ಡಬ್ಬಿ ಎರಡಿದ್ದವು, ಒಂದು ಹಾಲಿನ ಬಣ್ಣ, ಇನ್ನೊಂದು ಕೆನೆಯ ಬಣ್ಣ.

"ನೋಡಿ ನೋಡಿ ತಲೆ ಕೆಟ್ಟೋಗಿದೆ ಎಜೆ. ಭಾನುವಾರ ನಾರಿನ್‌ನಿಂದ ಅತ್ತೆ ಬರ್ತಾರೆ. ಯಾವುದು ಅಂತ ನೀವೇ ಹೇಳಿ."

"ಅತ್ತೆ ಬರೋದು ಗೋಡೆ ನೋಡೋಕಾ, ಸೊಸೆ ನೋಡೋಕಾ?"

"ಸೊಸೆ ಹಣೆಬರಹ ನೋಡಾಯ್ತಲ್ಲ! ಗೋಡೆಯಾದ್ರೂ ಚೆನ್ನಾಗಿರ್ಲಿ."

ಬುರುಲ್ ನಗುತ್ತಲೇ ಎರಡನ್ನೂ ಅಂಗೈಯಗಲ ಅಕ್ಕಪಕ್ಕ ಬಳಿದಳು. ಹತ್ತಿರದಿಂದ ನೋಡಿದಳು, ಬಾಗಿಲಿನಿಂದ ನೋಡಿದಳು. ಎರಡೂ ಒಂದೇ. ಹಸಿ ಇರಬೇಕೆಂದು ಎರಡು ಬಟ್ಟಲು ಚಹಾ ಕುಡಿದು ಬಂದು ಮತ್ತೆ ನೋಡಿದಳು. ಒಂದೇ.

"ಕೆನೆ," ಅಂದುಬಿಟ್ಟಳು.

"ನನ್ ಮನಸ್ಸಲ್ಲೂ ಅದೇ ಇತ್ತು!" ಜಿಪಾರ್ ಚಪ್ಪಾಳೆ ತಟ್ಟಿದಳು.

ಮರುದಿನ ಜಿಪಾರ್ ಶಾಲೆಗೆ ಹೋದ ಮೇಲೆ ಬುರುಲ್ ಒಬ್ಬಳೇ ಕೆಲಸ ಶುರು ಮಾಡಿದಳು. ಅರ್ಧ ಗೋಡೆಗೆ ಬಣ್ಣದ ತಟ್ಟೆ ಖಾಲಿಯಾಯಿತು. ಡಬ್ಬಿಯಿಂದ ಮತ್ತೆ ಸುರಿದುಕೊಂಡಳು. ಯಾವ ಡಬ್ಬಿಯೆಂದು ಆಗ ಯೋಚಿಸಲೂ ಇಲ್ಲ.

ಸಂಜೆ ಬಂದ ಜಿಪಾರ್ ಚೀಲ ಹಿಡಿದುಕೊಂಡೇ ನಿಂತುಬಿಟ್ಟಳು.

"ಏನೇ? ಬಾಯ್ಬಿಡು."

"ಎಜೆ... ಈ ಕಡೆ ಅರ್ಧ ಬೇರೆ ಇದೆ."

"ಎಲ್ಲಿಂದ?"

ತಮಾಷೆಯೆಂದುಕೊಂಡು ಜಿಪಾರ್ ನಕ್ಕಳು. ಬುರುಲ್ ನಗಲಿಲ್ಲ. ಆಗ ಜಿಪಾರ್ ಅವಳ ಕೈಹಿಡಿದು, ಬೆರಳನ್ನು ಗೋಡೆಯ ಮೇಲೆ ಮೇಲಿನಿಂದ ಕೆಳಗೆ ಎಳೆದಳು. "ಇಲ್ಲಿಂದ."

"ಇನ್ನೊಂದ್ಸಲ ತೋರ್ಸು."

ಜಿಪಾರ್ ತೋರಿಸಿದಳು. ಬೆರಳಿಗೆ ತಣ್ಣಗೆ ತಾಗಿದ್ದು ಬಿಟ್ಟರೆ ಬುರುಲ್‌ಗೆ ಏನೂ ತಿಳಿಯಲಿಲ್ಲ.

"ಹೂಂ, ಕಾಣ್ತು," ಅಂದಳು. ಜಿಪಾರ್ ಬಯ್ಯಲಿಲ್ಲ. ಬೈದಿದ್ದರೆ ಸಲೀಸಾಗಿರುತ್ತಿತ್ತು.

ಶನಿವಾರ ಹಳೆಯ ತಂಡದ ಗೆಳತಿ ತುರ್ಸುನೈ ಬಂದು ಇಡೀ ಗೋಡೆಗೆ ಕೆನೆ ಬಳಿದಳು. ಏಣಿ ಹಿಡಿದದ್ದು ಬುರುಲ್. ತನ್ನ ಕಣ್ಣಿನ ಹಿಂಭಾಗವೇ ಸವೆಯುತ್ತಿದೆ, ಕನ್ನಡಕಕ್ಕೂ ಆಪರೇಷನ್ನಿಗೂ ಬಗ್ಗುವುದಲ್ಲ ಎಂದು ಬಿಷ್ಕೆಕ್‌ನ ಡಾಕ್ಟರು ಜೂನ್‌ನಲ್ಲೇ ಹೇಳಿದ್ದನ್ನು ಅವಳು ಅವತ್ತೇ ಮೊದಲು ಬಾಯಿಬಿಟ್ಟದ್ದು.

"ಕಣ್ಣು ಹೋಗ್ತಿದ್ರೆ ಬಾಯಿ ಇತ್ತಲ್ಲೇ, ಪಾಪಿ, ಹೇಳೋಕೆ?" ಎಂದು ತುರ್ಸುನೈ ಮೇಲಿನಿಂದಲೇ ರೇಗಿದಳು.

"ಹೇಳಿದ್ರೆ ನೀನೇನ್ ಮಾಡ್ತಿದ್ದೆ?"

ತುರ್ಸುನೈ ರೋಲರ್ ಅದ್ದಿಕೊಂಡು ಗೋಡೆಯ ಕಡೆ ತಿರುಗಿದಳು.