ತಾರಸಿಯ ಮೇಲಿನ ಅನ್ನದುಂಡೆ

ನಮ್ಮ ಬೆಕ್ಕನ್ನು ಕೊಂದವರು ಯಾರೆಂದು ಅದು ಸತ್ತ ದಿನವೇ ನನಗೆ ಗೊತ್ತಿತ್ತು. ಹಾಗಾಗಿ ನನ್ನ ಸಿಟ್ಟು ಅಲ್ಲಿ ಇಲ್ಲಿ ಅಲೆಯಲಿಲ್ಲ, ನೇರವಾಗಿ ನಾಲ್ಕನೆಯ ಮಹಡಿಗೆ ಹತ್ತಿತು.

ಎಂಬತ್ತರ ದಶಕದ ಕೊನೆಯ ಮಾತು ಇದು. ಮುಂಬಯಿಯ ಭಾಂಡುಪಿನ ಕಾಲನಿಯೊಂದರಲ್ಲಿ ನಮ್ಮ ಮನೆ ಎರಡನೆಯ ಮಹಡಿಯಲ್ಲಿ. ಸೊಸೈಟಿಯ ಸೆಕ್ರೆಟರಿಯ ಮನೆ ನಾಲ್ಕನೆಯದರಲ್ಲಿ, ಅದರ ಮೇಲೆ ತಾರಸಿ. ಅವರೂ ನಮ್ಮ ಹಾಗೆ ಹಳೇ ಮೈಸೂರಿನ ಕಡೆಯವರೇ. ನನ್ನ ಗಂಡನೂ ಅವರೂ ಬೆಳಗ್ಗೆ ಒಂದೇ ಲೋಕಲ್ ಹಿಡಿದು ಫೋರ್ಟಿನ ಆಫೀಸುಗಳಿಗೆ ಹೋಗುತ್ತಿದ್ದರು. ಊರ ಕಡೆಯವರು, ಕನ್ನಡದವರು ಎಂದು ಅವರನ್ನು ಸೆಕ್ರೆಟರಿ ಮಾಡಲು ಮೊದಲು ಕೈ ಎತ್ತಿದ್ದೂ ನಾವೇ. ಎತ್ತಿದ ಆ ಕೈಯನ್ನು ಆಮೇಲೆ ಎಷ್ಟು ಸಲ ಶಪಿಸಿದ್ದೇನೋ ಲೆಕ್ಕವಿಲ್ಲ.

ಬಿಲ್ಡಿಂಗಿನ ಹಿಂದಿನ ಓಣಿಗೆ ಎಲ್ಲರೂ ಕಿಟಕಿಯಿಂದಲೇ ಕಸ ಎಸೆಯುತ್ತಿದ್ದರು. ಕಸ ಇದ್ದಲ್ಲಿ ಇಲಿ. ಅವು ಪೈಪು ಹಿಡಿದು ತಾರಸಿಯ ನೀರಿನ ಟ್ಯಾಂಕಿನವರೆಗೂ ಹತ್ತಿದಾಗ ಸೆಕ್ರೆಟರಿ ತಮ್ಮದೇ ಉಪಾಯ ಹೂಡಿದರು. ಮಿಕ್ಕ ಅನ್ನಕ್ಕೆ ಘಮಘಮ ಎನ್ನಲಿ ಎಂದು ಎಳ್ಳೆಣ್ಣೆ ಬಿಟ್ಟು, ಅಂಗಡಿಯಿಂದ ತಂದ ಕಪ್ಪು ಇಲಿಪಾಷಾಣ ಕಲಸಿ, ಉಂಡೆ ಕಟ್ಟಿದರು. ಬರೀ ನೆಲದ ಮೇಲೆ ಅನ್ನ ಇಡಲು ಸಂಸ್ಕಾರ ಒಪ್ಪಲಿಲ್ಲವೇನೋ, ವಿಷಕ್ಕೂ ಬಾಳೆಲೆಯ ತುಂಡು ಹಾಕಿದರು. ಸಂಡಿಗೆ ಒಣಗಿಸಲು ಹೋಗಿದ್ದ ನಾನು ಆ ಸಾಲು ಕಂಡು, "ಇದೇನ್ರೀ, ಯಾರ ತಿಥಿ?" ಎಂದೆ.

"ಇಲಿಗಳ ತಿಥಿ ಕಣಮ್ಮ," ಎಂದು ಅವರು ನಕ್ಕರು. ನಾನೂ ನಕ್ಕೆ.

ಎರಡು ದಿನಕ್ಕೆ ನಮ್ಮ ಬೆಕ್ಕು ತಾರಸಿಯ ಮೆಟ್ಟಿಲಲ್ಲಿ ಒದ್ದಾಡುತ್ತಿದ್ದ ಇಲಿಯೊಂದನ್ನು ಹಿಡಿದು ತಿಂದಿತು. ಬೂದು ಬಣ್ಣದ, ಯಾರ ತಂಟೆಗೂ ಹೋಗದ ಹೆಣ್ಣು ಬೆಕ್ಕು. ಸಂಜೆಯ ಹೊತ್ತಿಗೆ ಬಾಯಲ್ಲಿ ನೊರೆ ಬಂದು, ಕಾಲು ಸೆಟೆದುಕೊಂಡವು. ತರಕಾರಿ ಬುಟ್ಟಿಯಲ್ಲಿ ಹಾಕಿಕೊಂಡು ಆಟೋ ಹಿಡಿದು ಸ್ಟೇಷನ್ನಿನ ಹತ್ತಿರದ ದವಾಖಾನೆಗೆ ಓಡಿದೆ.

ವಠಾರದಂಥ ಚಾಳೊಂದರ ಕೆಳಗೆ ಎರಡು ಕೋಣೆಗಳ ಪ್ರಾಣಿ ದವಾಖಾನೆ ಅದು. ಡಾಕ್ಟರು ಧಾರವಾಡದ ಕಡೆಯವರು, ಹಸು, ನಾಯಿ, ಗಿಳಿ ಎನ್ನದೆ ಎಲ್ಲವನ್ನೂ ನೋಡುತ್ತಿದ್ದರು, ನೋಡುತ್ತಲೇ ಸಾಕಿದವರನ್ನು ಬೈಯುತ್ತಿದ್ದರು. ಕಾಡಿಗೆ ಅಂಟಿದ ಗುಡ್ಡದ ಪಕ್ಕದ ಮನೆಗಳವರಿಗಂತೂ ಅವರದು ದಿನವೂ ಒಂದೇ ಪಾಠ. ನೀವು ಕಸ ಚೆಲ್ಲಿದರೆ ಬೀದಿನಾಯಿ ಬರುತ್ತದೆ, ನಾಯಿಯ ಹಿಂದೆ ಚಿರತೆ ಬರುತ್ತದೆ; ಕತ್ತಲಾದ ಮೇಲೆ ನಾಯಿಯನ್ನು ಹೊರಗೆ ಕಟ್ಟಬೇಡಿ; ಮಂಗಕ್ಕೆ ಬಿಸ್ಕತ್ತು ಕೊಟ್ಟು ಪುಣ್ಯ ಕಟ್ಟಿಕೊಳ್ಳಬೇಡಿ. ಅವತ್ತು ನನ್ನ ಬುಟ್ಟಿಯೊಳಗೆ ನೋಡಿದವರೇ ಮೂಗಿನ ಹತ್ತಿರ ಕೈ ಬೀಸಿಕೊಂಡು ವಾಸನೆ ನೋಡಿದರು.

"ಯಾರ್ರೀ, ಬಾಯಿ, ಪಾಷಾಣ ಇಟ್ಟಾರ?"

ಹೇಳಿದೆ. ಅವರು ಸೂಜಿ ಚುಚ್ಚಿದರು, ಹೊಟ್ಟೆ ತೊಳೆಯಲು ನೋಡಿದರು. ಇದಕ್ಕೆ ಪ್ರತಿಮದ್ದು ಇಲ್ಲ ಎಂದೂ ಹೇಳಿದರು. ಬೆಕ್ಕು ಮೇಜಿನ ಮೇಲೆ ನನ್ನ ಬೆರಳು ಕಚ್ಚಿಕೊಂಡೇ ಸತ್ತಿತು.

"ಇಲಿಗಿ ಇಟ್ಟದ್ದು ಇಲಿ ಒಂದ ತಿಂತೈತೇನು?" ಎಂದು ಡಾಕ್ಟರು ಕೈ ತೊಳೆಯುತ್ತಾ ನನ್ನ ಮೇಲೆಯೇ ಹರಿಹಾಯ್ದರು. "ಬೆಕ್ಕು ತಿಂತೈತಿ, ಗೂಗಿ ತಿಂತೈತಿ, ಕಾಗಿ ತಿಂತೈತಿ. ಕಸದ ಡಬ್ಬಿಗೆ ಮುಚ್ಚಳ ಹಾಕ್ರಿ, ಮೋರಿಗೆ ಜಾಳಿಗಿ ಬಡೀರಿ, ಇಲಿ ತಾನ ಹೋಗ್ತಾವು. ನಿಮ್ಮ ಸೆಕ್ರೆಟರಿಗೆ ಇನ್ನೊಂದು ಮಾತು ಹೇಳ್ರಿ. ಕಾಗಿ ಮಂದಿ ಹಂಗಲ್ಲ. ಒಂದು ಸತ್ತದ್ದು ಕಂಡ್ರ ಉಳಿದಾವು ಆ ಜಾಗಾಕ್ಕ ಹಾಯೂದಿಲ್ಲ. ಇಟ್ಟಾವನ ಮಾರಿ ಸೈತ ನೆನಪಿಟ್ಕೋತಾವು."

ಮರುದಿನವೇ ಹೋಗಿ ಹೇಳಿದೆ. ಸೆಕ್ರೆಟರಿ ಪೇಪರಿನಿಂದ ಕಣ್ಣೆತ್ತದೆ ಕೇಳಿದರು. "ನೋಡಮ್ಮ, ನಿಮ್ಮ ಒಂದು ಬೆಕ್ಕಿಗೋಸ್ಕರ ಇಡೀ ಸೊಸೈಟಿ ಪ್ಲೇಗ್ ಬರಿಸ್ಕೋಬೇಕಾ? ಆ ಡಾಕ್ಟ್ರು ದನದ ಡಾಕ್ಟ್ರು. ಕಾಗೆ ಮುಖ ನೆನಪಿಟ್ಕೊಳತ್ತಂತೆ! ನಂಗೇ ಆಫೀಸಲ್ಲಿ ಅರ್ಧ ಜನದ ಮುಖ ನೆನಪಿರಲ್ಲ."

ಒಳಗಿನಿಂದ ಅವರ ತಾಯಿ ಗೋಡೆ ಹಿಡಿದುಕೊಂಡು ಬಂದರು. ಈ ಅಜ್ಜಿಯ ವಿಷಯ ಹೇಳಬೇಕು. ದಿನಾ ಮಧ್ಯಾಹ್ನ ಎರಡು ಮಹಡಿ ಇಳಿದು ನಮ್ಮ ಮನೆಗೆ ಬರುತ್ತಿದ್ದರು. ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಅವರಿಗೆ ಕನ್ನಡ ಮಾತಾಡಲು ನಾನು, ತೊಡೆಯ ಮೇಲೆ ಮಲಗಿಸಿಕೊಳ್ಳಲು ನಮ್ಮ ಬೆಕ್ಕು. ತಮ್ಮ ಪಾಲಿನ ಹಾಲು ಒಂದು ಲೋಟದಲ್ಲಿ ಸೆರಗಿನಡಿ ಮುಚ್ಚಿ ತಂದು ಅದಕ್ಕೆ ಹಾಕುತ್ತಿದ್ದರು. ಅವತ್ತು ಸುದ್ದಿ ಕೇಳಿ ಬಾಗಿಲಲ್ಲೇ ಕುಸಿದು ಕೂತರು. "ಅನ್ನದಲ್ಲಿ ವಿಷ ಬೆರೆಸ್ತಾರೇನೋ? ಅನ್ನ ಕಣೋ ಅದು. ಇನ್ಮೇಲೆ ಇಡ್ಬೇಡವೋ," ಎಂದರು ಮಗನಿಗೆ. ಮಗ, "ನೀನು ಸುಮ್ನಿರಮ್ಮ," ಎಂದು ಪೇಪರಿನ ಪುಟ ತಿರುವಿದರು. ಆ ಪುಟ ತಿರುವಿದ ಸದ್ದಿಗೆ ನನ್ನ ಮೈಯೆಲ್ಲ ಉರಿಯಿತು.

ಸೇಡು ತೀರಿಸಿಕೊಳ್ಳಲು ನಾನು ಮಾಡದ್ದಿಲ್ಲ. ಅರಿಶಿನ ಕುಂಕುಮಕ್ಕೆ ಅವರ ಮನೆಯವರನ್ನು ಕರೆಯುವುದು ಬಿಟ್ಟೆ. ಉಂಡೆ ತಿಂದು ಕಾಗೆಗಳು ಸತ್ತು ಬೀಳತೊಡಗಿದಾಗ ಒಂದನ್ನು ಪೇಪರಿನಲ್ಲಿ ಸುತ್ತಿಕೊಂಡು ಹೋಗಿ ಸೊಸೈಟಿಯ ಮೀಟಿಂಗಿನಲ್ಲಿ ಸೆಕ್ರೆಟರಿಯ ಚಹಾದ ಕಪ್ಪಿನ ಪಕ್ಕದಲ್ಲೇ ಬಿಚ್ಚಿಟ್ಟೆ. ಹೆಂಗಸರು ಕಿರುಚಿದರು, ಒಬ್ಬರು ಎದ್ದು ಹೋದರು. ಫಲ ಏನೆಂದರೆ, ಇನ್ನು ಬಿಲ್ಡಿಂಗಿನಲ್ಲಿ ಯಾರೂ ಪ್ರಾಣಿ ಸಾಕಬಾರದು ಎಂದು ಸೆಕ್ರೆಟರಿ ಅಲ್ಲೇ ನಿರ್ಣಯ ಮಾಡಿಸಿದರು. ನನ್ನ ಗಂಡನೂ ಅದಕ್ಕೆ ಕೈ ಎತ್ತಿದರು. ಕೇಳಿದರೆ, "ಬಿಟ್ಬಿಡೆ, ದಿನಾ ಒಂದೇ ಲೋಕಲ್‌ನಲ್ಲಿ ಹೋಗೋರು ನಾವು," ಎಂದರು. ಅವರಿಗೆ ಒಂದು ವಾರ ಉಪ್ಪಿಲ್ಲದ ಸಾರು ಬಡಿಸಿದೆ.

ಉಂಡೆ ಇಡುವುದು ನಿಲ್ಲಲಿಲ್ಲ. ತಿಂಗಳಿಗೊಮ್ಮೆ ತಪ್ಪದೆ ಇಡುತ್ತಿದ್ದರು. ಆದರೆ ಡಾಕ್ಟರು ಹೇಳಿದಂತೆಯೇ ಆಯಿತು. ಕಾಗೆಗಳು ತಾರಸಿಗೆ ಇಳಿಯುವುದನ್ನೇ ಬಿಟ್ಟವು. ಸೆಕ್ರೆಟರಿ ಗೇಟು ದಾಟಿದರೆ ಸಾಕು, ಮರದಿಂದ ಮರಕ್ಕೆ ಕೂಗುತ್ತಾ ಸ್ಟೇಷನ್ ರಸ್ತೆಯ ತಿರುವಿನವರೆಗೂ ಕಳಿಸಿ ಬರುತ್ತಿದ್ದವು. ಅವರು ಕೊಡೆ ಬಿಚ್ಚಿಕೊಂಡು ಬಿರಬಿರನೆ ಹೋಗುವುದನ್ನು ನೋಡುವುದು ನನ್ನ ಬೆಳಗಿನ ಸುಖವಾಯಿತು. ಅವೆಲ್ಲ ಪಕ್ಷಾಂತರ ಮಾಡಿ ನಮ್ಮ ಅಡಿಗೆಮನೆಯ ಬಾಲ್ಕನಿಯ ಮುಂದಿನ ಬಾದಾಮಿ ಮರಕ್ಕೆ ಬಂದವು. ಊಟಕ್ಕೆ ಮೊದಲು ಒಂದು ತುತ್ತು ಕಾಗೆಗೆ ಇಡುವುದು ನಮ್ಮ ಮನೆಯಲ್ಲಿ ಇದ್ದದ್ದೇ. ಈಗ ತುತ್ತಿನ ಜಾಗದಲ್ಲಿ ಹಿಡಿ ಇಟ್ಟೆ, ಮೇಲೆ ತುಪ್ಪವನ್ನೂ ಬಿಟ್ಟೆ. ವೈರಿಯ ವೈರಿಗಳು, ನನ್ನ ನೆಂಟರು.

ಅಜ್ಜಿ ಆ ವರ್ಷದ ಮಳೆಗಾಲದಲ್ಲಿ ತೀರಿಕೊಂಡರು. ಕೊನೆಯವರೆಗೂ ಮಧ್ಯಾಹ್ನ ಇಳಿದು ಬರುತ್ತಿದ್ದರು, ಬರೀ ತೊಡೆಯ ಮೇಲೆ ಕೈ ಆಡಿಸಿಕೊಂಡು ಕೂರುತ್ತಿದ್ದರು. "ನನ್ನ ಮಾತು ಅವನಿಗೆ ನಾಟಲಿಲ್ಲ ಕಣೆ," ಎಂದು ಒಮ್ಮೆ ಹೇಳಿದ್ದರು. ಅದನ್ನು ನಾನು ಗಂಟು ಹಾಕಿಟ್ಟುಕೊಂಡೆ.

ಒಂದು ವರ್ಷ ತುಂಬಿತು. ಅಲ್ಲಿಯವರೆಗಿನ ಕರ್ಮಗಳನ್ನೆಲ್ಲ ಮಠದಲ್ಲಿ ಮುಗಿಸಿದ್ದವರು ವರ್ಷದ ತಿಥಿಯನ್ನು ಮನೆಯಲ್ಲೇ ಮಾಡಿದರು. ಮಾಟುಂಗದಿಂದ ಭಟ್ಟರು ಬಂದರು, ಬೇರೆ ಬೇರೆ ಕಾಲನಿಗಳಿಂದ ನೆಂಟರು ಬಂದರು. ವಡೆಯ ವಾಸನೆ ಮೆಟ್ಟಿಲಿಳಿದು ನಮ್ಮ ಮನೆಗೂ ಬಂತು. ಹನ್ನೆರಡು ಗಂಟೆಯ ಹೊತ್ತಿಗೆ ಮಡಿಯುಟ್ಟ ಸೆಕ್ರೆಟರಿ ಬಾಳೆಲೆಯಲ್ಲಿ ಪಿಂಡ ಹಿಡಿದು ತಾರಸಿಗೆ ಹೋಗಿ ಇಟ್ಟರು. ಎಳ್ಳು ಬೆರೆಸಿದ ಅನ್ನದ ಉಂಡೆ, ಬಾಳೆಲೆಯ ಮೇಲೆ. ವರ್ಷವಿಡೀ ಅದೇ ಜಾಗದಲ್ಲಿ, ಅದೇ ಕೈ, ಅದೇ ಥರದ ಕಪ್ಪು ಚುಕ್ಕೆಯ ಉಂಡೆ ಇಟ್ಟಿತ್ತು. ಮೆಟ್ಟಿಲಲ್ಲಿ ಅವರು ಹತ್ತಿದ ಸದ್ದು ಕೇಳಿದ ಕ್ಷಣವೇ ನನಗೆ ಹೊಳೆಯಿತು, ನಾನು ಒಲೆ ಆರಿಸಿ ಮೇಲಕ್ಕೆ ಹೋಗಿ ಬಾಗಿಲ ಬಳಿ ನಿಂತೆ.

ಒಂದು ಕಾಗೆಯೂ ಬರಲಿಲ್ಲ. "ಕಾ ಕಾ" ಎಂದು ಸೆಕ್ರೆಟರಿ ಕರೆದರು. ಭಟ್ಟರು ಕರೆದರು, ನೆಂಟರೆಲ್ಲ ಕರೆದರು. ಆಕಾಶದಲ್ಲಿ ಕಾಗೆಗಳಿಗೇನೂ ಬರವಿರಲಿಲ್ಲ. ಮೇಲೆ ಒಂದು ಸುತ್ತು ಹಾಕಿ, ಬೈದು, ಹೊರಟುಹೋಗುತ್ತಿದ್ದವು. ಕಾಗೆ ಮುಟ್ಟದೆ ಊಟವಿಲ್ಲ. ಒಂದು ಗಂಟೆಯಾಯಿತು. ಮಕ್ಕಳು ಅಳತೊಡಗಿದವು, ಭಟ್ಟರು ಗಡಿಯಾರ ನೋಡತೊಡಗಿದರು. ಮೂರನೆಯ ಮಹಡಿಯ ಮರಾಠಿ ಬಾಯಿ ಸೆಕ್ರೆಟರಿಯ ಹೆಂಡತಿಗೆ ಮೆಲ್ಲಗೆ ಹೇಳಿದರು, ಅಜ್ಜಿಯ ಆಸೆ ಏನೋ ಉಳಿದಿದೆ, ಅದನ್ನು ನಡೆಸಿಕೊಡುತ್ತೇವೆ ಎಂದು ಬಾಯಿಬಿಟ್ಟು ಹೇಳಿ, ನಮ್ಮಲ್ಲಿ ಹಾಗೇ ಮಾಡುತ್ತಾರೆ, ಆಗ ಕಾಗೆ ಮುಟ್ಟುತ್ತದೆ ಎಂದು. ಸೆಕ್ರೆಟರಿ ಕೈ ಮುಗಿದು ನಿಂತು, "ಅಮ್ಮ, ತಂಗೀನ ಚೆನ್ನಾಗಿ ನೋಡ್ಕೋತೀನಿ," ಎಂದರು. ಕಾಗೆ ಬರಲಿಲ್ಲ. "ಕಾಶಿಗೆ ಹೋಗಿ ಬರ್ತೀನಿ," ಎಂದರು. ಆಗಲೂ ಬರಲಿಲ್ಲ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂದುಕೊಂಡು ನಾನು ಕೆಳಗಿಳಿದು ಬಂದೆ. ಅಷ್ಟು ಹಿತವಾದ ಮಧ್ಯಾಹ್ನ ನನಗೆ ಆ ಊರಿನಲ್ಲಿ ಇನ್ನೊಂದು ಸಿಕ್ಕಿಲ್ಲ.

ಸ್ವಲ್ಪ ಹೊತ್ತಿಗೆ ಬಾಗಿಲು ಬಡಿದ ಸದ್ದು. ಸೆಕ್ರೆಟರಿ ನಿಂತಿದ್ದರು, ಕೈಯಲ್ಲಿ ಅದೇ ಎಲೆ, ಹಿಂದೆ ಭಟ್ಟರು.

"ಕಾಗೆ ಎಲ್ಲ ನಿಮ್ಮ ಬಾಲ್ಕನಿಗೇ ಬರ್ತಾವಂತೆ," ಎಂದರು. "ಒಂದು ಅವಕಾಶ ಮಾಡ್ಕೊಡಿ."

"ಮಡೀಲಿ ಬಂದಿದೀರಿ. ಇದು ಬೆಕ್ಕು ಓಡಾಡಿದ ಮನೆ," ಎಂದೆ.

"ಪರವಾಗಿಲ್ಲ, ಆಪತ್ತಿಗೆ ದೋಷ ಇಲ್ಲ," ಎಂದರು ಭಟ್ಟರು. ಅವರಿಗೆ ಲೋಕಲ್ ಹಿಡಿಯುವ ಆತುರ, ಹಸಿವೆ ಬೇರೆ.

ಬಾಗಿಲಿಗೆ ಅಡ್ಡ ನಿಂತೇ ಇದ್ದೆ. ಅವರ ಮುಖದ ಮೇಲೆ ಬಾಗಿಲು ಹಾಕಿಬಿಡಬೇಕು ಎಂದೇ ಇತ್ತು. ಆದರೆ ಆ ಎಲೆಯ ಮೇಲೆ ಇದ್ದದ್ದು ಅಜ್ಜಿಯ ಪಾಲು. ಹಾಲು ಮುಚ್ಚಿಕೊಂಡು ತರುತ್ತಿದ್ದ ಅಜ್ಜಿಯನ್ನು ಹಸಿದು ಕಳಿಸುವುದು ನನ್ನಿಂದಾಗಲಿಲ್ಲ. ಅವರಿಗಾಗಿ ಬಾಗಿಲು ಬಿಟ್ಟೆ, ಮಗನಿಗಾಗಿ ಅಲ್ಲ.

ಸೆಕ್ರೆಟರಿ ಬಾಲ್ಕನಿಗೆ ಕಾಲಿಟ್ಟದ್ದೇ ತಡ, ಬಾದಾಮಿ ಮರದಲ್ಲಿ ಕೂತಿದ್ದ ಕಾಗೆಗಳೆಲ್ಲ ಒಟ್ಟಿಗೆ ಎದ್ದು ಕೂಗಾಟ ಶುರು ಮಾಡಿದವು. ಒಂದು ಅವರ ನೆತ್ತಿಗೆ ಎರಗಲೂ ಬಂತು. ಅವರು ಎಲೆ ಹಿಡಿದುಕೊಂಡೇ ಒಳಗೆ ಓಡಿಬಂದರು.

"ನಿಮ್ಮ ಮುಖ ಕಂಡ್ರೆ ಬರಲ್ಲ," ಎಂದೆ. "ದನದ ಡಾಕ್ಟ್ರು ಹೇಳಿದ್ರಲ್ಲ. ಎಲೆ ಭಟ್ಟರ ಕೈಗೆ ಕೊಡಿ. ನೀವು ಅಲ್ಲಿ ಮೂಲೇಲಿ, ಗೋಡೆ ಕಡೆ ಮುಖ ಮಾಡಿ ನಿಂತ್ಕೊಳ್ಳಿ."

ಅಡಿಗೆಮನೆಯ ಬಾಗಿಲ ಹಿಂದಿನ ಆ ಮೂಲೆಯಲ್ಲಿ ಬೆಕ್ಕಿನ ಹಾಲಿನ ತಟ್ಟೆ ಇನ್ನೂ ಇತ್ತು, ನಾನು ಎತ್ತಿರಲಿಲ್ಲ. ಇಡೀ ಬಿಲ್ಡಿಂಗನ್ನು ನಡುಗಿಸುತ್ತಿದ್ದ ಸೆಕ್ರೆಟರಿ ಅದರ ಮುಂದೆ ಗೋಡೆಗೆ ಮುಖ ಮಾಡಿ ನಿಂತರು. ಭಟ್ಟರು ಎಲೆಯನ್ನು ಬಾಲ್ಕನಿಯ ಕಟ್ಟೆಯ ಮೇಲಿಟ್ಟು, ಹೊರಗೆ ಮೆಟ್ಟಿಲ ಬಳಿ ಹೋಗಿ ಕೂತರು. ನಾನು ದಿನಾ ಕರೆಯುವ ಹಾಗೆ ಕರೆದೆ.

ಒಂದು ಬಂತು. ಕತ್ತು ಓರೆ ಮಾಡಿ ನನ್ನನ್ನು ನೋಡಿತು, ಉಂಡೆಯನ್ನು ನೋಡಿತು, ಕುಕ್ಕಿತು. ಹಿಂದೆಯೇ ಇನ್ನೆರಡು ಬಂದವು. ಅಜ್ಜಿ ಹಾಲಿನ ಲೋಟ ಬಗ್ಗಿಸುತ್ತಿದ್ದದ್ದು ನೆನಪಾಗಿ ನನ್ನ ಕಣ್ಣು ತುಂಬಿತು.

"ಬಂತಾ?" ಎಂದರು ಮೂಲೆಯಿಂದ.

ಕಾಗೆ ಎರಡನೆಯ ತುತ್ತು ನುಂಗುತ್ತಿತ್ತು. "ಇಲ್ಲ," ಎಂದೆ.

"ಅಮ್ಮನಿಗೆ ಏನು ಆಸೆ ಉಳಿದಿದೆಯೋ ನಂಗೆ ಗೊತ್ತಾಗ್ತಿಲ್ಲ," ಎಂದರು.

"ಅವರು ನಿಮ್ಮನ್ನ ಒಂದೇ ಒಂದು ಕೇಳಿದ್ರು. ನೀವು ಪೇಪರ್ ಓದ್ತಾ ಇದ್ರಿ."

ಗೋಡೆಯ ಕಡೆಯಿಂದ ಬಿಕ್ಕಿದ ಸದ್ದು ಬಂತು. "ಅಮ್ಮ, ಇನ್ಮೇಲೆ ಅನ್ನದಲ್ಲಿ ವಿಷ ಇಡಲ್ಲಮ್ಮ. ಆ ಡಾಕ್ಟ್ರು ಹೇಳಿದ ಹಾಗೇ ಕಸದ ಡಬ್ಬಿಗೆ ಮುಚ್ಚಳ ಹಾಕಿಸ್ತೀನಿ. ಜಾಲರಿ ಹಾಕಿಸ್ತೀನಿ." ಆಮೇಲೆ ನನ್ನ ಕಡೆಗೆ, "ಬಂತಾ?"

ಎಲೆಯ ಮೇಲೆ ಇನ್ನೂ ನಾಲ್ಕಗುಳು ಉಳಿದಿತ್ತು. ಅಷ್ಟಕ್ಕೆ ಬಿಡಬಹುದಿತ್ತು. ನನ್ನ ಬೆರಳಿನಲ್ಲಿ ಬೆಕ್ಕು ಕಚ್ಚಿದ ಗುರುತು ಇನ್ನೂ ಇತ್ತು.

"ಇಲ್ಲ," ಎಂದೆ.

ಅವರು ತಲೆಯನ್ನು ಗೋಡೆಗೆ ಆನಿಸಿದರು. ಕಾಲ ಬಳಿಯ ಹಾಲಿನ ತಟ್ಟೆ ಆಗ ಕಣ್ಣಿಗೆ ಬಿತ್ತೇನೋ, ಒಂದು ಹೆಜ್ಜೆ ಹಿಂದಕ್ಕಿಟ್ಟರು. ಕೊನೆಗೆ ಸಣ್ಣ ದನಿಯಲ್ಲಿ, "ಅಮ್ಮ, ನಿನ್ನ ಬೆಕ್ಕನ್ನ ನಾನೇ ಕೊಂದೆ," ಎಂದರು.

ಕಾಗೆ ಕೊನೆಯ ಅಗುಳನ್ನೂ ಹೆಕ್ಕಿ ಮರಕ್ಕೆ ಹಾರಿತು. ನಾನು ಬರೀ ಎಲೆಯನ್ನು ಎತ್ತಿಕೊಂಡೆ.

"ಮುಟ್ಟಿತು," ಎಂದೆ.